ಎರಡು ದಿನ ಮೊದಲೇ ಹುಟ್ಟಿದ ಮರಿ

ಮುಂಗಾರು ಹಿಡಿಯುವ ಹೊತ್ತಿಗೆ ಊರೊಳಗಿನ ತೆಂಗನ್ನೋ ಹೊಂಗೆಯನ್ನೋ ಸ್ವಲ್ಪ ಹೊತ್ತು ಗಮನಿಸಿದರೆ ಈ ನೋಟ ಕಾಣಸಿಗುತ್ತದೆ: ಕಾಗೆಯೊಂದು ತನ್ನದಲ್ಲದ ಮರಿಯ ಬಾಯಿಗೆ ತುತ್ತು ತುರುಕುತ್ತಿರುತ್ತದೆ. ಮರಿ ಕೋಗಿಲೆಯದು. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಕೈತೊಳೆದುಕೊಳ್ಳುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಅದರ ಮುಂದಿನ ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳುವುದಿಲ್ಲ. ತಲೆತಲಾಂತರದಿಂದ ಹೀಗೆ ಮೋಸ ಹೋಗುತ್ತಿದ್ದರೂ ಕಾಗೆಗಳ ಸಂತತಿ ಯಾಕೆ ಕರಗಿಲ್ಲ?

ಈ ಪ್ರಶ್ನೆ ಕೇಳಲೇಬೇಕಾದದ್ದು ಏಕೆಂದರೆ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೆಚ್ಚುಕಡಿಮೆ ಇದೇ ಮೋಸಕ್ಕೆ ಸಿಕ್ಕಿದ ಒಂದು ಹಾಡುಹಕ್ಕಿ ನೂರು ವರ್ಷದೊಳಗೆ ಅಳಿವಿನ ಅಂಚಿಗೆ ಬಂದು ನಿಂತಿತು. ಅದು ಕರ್ಟ್‌ಲ್ಯಾಂಡ್ ಉಲಿಯಕ್ಕಿ. ತೂಕ ಸುಮಾರು 14 ಗ್ರಾಂ. ಬೆನ್ನು ನೀಲಿ ಬೆರೆತ ಬೂದು, ಹೊಟ್ಟೆ ನಿಂಬೆ ಹಳದಿ, ಕಣ್ಣಿನ ಮೇಲೆ ಕೆಳಗೆ ಬಿಳಿ ಗೀರು. ಕೂತಲ್ಲಿ ಕೂತೇ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಮೈ ಚಿಕ್ಕದಾದರೂ ಗಂಟಲು ದೊಡ್ಡದು. ಗಂಡಿನ ಹಾಡು ಗಾಳಿಯಿಲ್ಲದ ಬೆಳಿಗ್ಗೆ ನಾನೂರು ಮೀಟರು ದೂರಕ್ಕೂ ಕೇಳುತ್ತದೆ. ಹಾಗಾಗಿ ಈ ಹಕ್ಕಿಯ ಗಣತಿ ನಡೆಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ಜೂನ್ ತಿಂಗಳಲ್ಲಿ ಕಾಡಿನುದ್ದಕ್ಕೂ ನಡೆದು ಹಾಡುವ ಗಂಡುಗಳನ್ನು ಎಣಿಸುತ್ತಾರೆ.

ಗೂಡು ಸಿಕ್ಕಿದ್ದು ಐವತ್ತೆರಡು ವರ್ಷದ ಮೇಲೆ

1851ರ ಮೇ ತಿಂಗಳಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಬಳಿ, ವೈದ್ಯ ಮತ್ತು ನಿಸರ್ಗಶಾಸ್ತ್ರಜ್ಞ ಜೇರೆಡ್ ಕರ್ಟ್‌ಲ್ಯಾಂಡ್ ಅವರ ಜಮೀನಿನಲ್ಲಿ ಅವರ ಅಳಿಯ ಒಂದು ಅಪರಿಚಿತ ಹಕ್ಕಿಯನ್ನು ಹೊಡೆದ. ಅದು ಪಕ್ಷಿಶಾಸ್ತ್ರಜ್ಞ ಸ್ಪೆನ್ಸರ್ ಬೇರ್ಡ್ ಕೈಸೇರಿತು. ಅವರು ಅದಕ್ಕೆ ಕರ್ಟ್‌ಲ್ಯಾಂಡ್ ಹೆಸರಿಟ್ಟರು. ಹತ್ತು ವರ್ಷ ಮೊದಲೇ, 1841ರಲ್ಲಿ, ಬಹಾಮಾಸ್ ದ್ವೀಪಗಳ ಹತ್ತಿರ ಹಡಗಿನ ಮೇಲೆ ಸ್ಯಾಮ್ಯುಯೆಲ್ ಕ್ಯಾಬಟ್ ಇದೇ ಜಾತಿಯ ಹಕ್ಕಿಯೊಂದನ್ನು ಹಿಡಿದಿದ್ದರು. ಆದರೆ ಅದು ಯಾರ ಗಮನಕ್ಕೂ ಬಾರದೆ ಸಂಗ್ರಹದಲ್ಲಿ ಬಿದ್ದಿತ್ತು. ಚಳಿಗಾಲದಲ್ಲಿ ಈ ಹಕ್ಕಿ ಬಹಾಮಾಸ್‌ನಲ್ಲಿರುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಖಾತ್ರಿಯಾಯಿತು. ಬೇಸಿಗೆಯಲ್ಲಿ ಎಲ್ಲಿ ಸಂಸಾರ ಹೂಡುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಉತ್ತರ ಸಿಕ್ಕಿದ್ದು ಮೀನು ಹಿಡಿಯಲು ಹೋದವರಿಂದ. 1903ರ ಜೂನ್‌ನಲ್ಲಿ ಮಿಷಿಗನ್ನಿನ ಓ ಸೇಬಲ್ ನದಿಯ ಬಳಿ ಅವರಿಗೆ ಈ ಹಕ್ಕಿ ಸಿಕ್ಕಿತು. ಅದನ್ನು ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿಗೆ ತಂದುಕೊಟ್ಟರು. ಮ್ಯೂಸಿಯಮ್ಮಿನ ನಾರ್ಮನ್ ವುಡ್ ತಡಮಾಡದೆ ಹೊರಟು ಜುಲೈನಲ್ಲಿ ಮೊದಲ ಗೂಡನ್ನು ಕಂಡರು. ಆಮೇಲಿನ ತೊಂಬತ್ತು ವರ್ಷ ಸಿಕ್ಕಿದ ಹೆಚ್ಚುಕಡಿಮೆ ಎಲ್ಲ ಗೂಡುಗಳೂ ಆ ಮೊದಲ ಗೂಡಿನಿಂದ ನೂರು ಕಿಲೋಮೀಟರಿನೊಳಗೇ ಇದ್ದವು. ಇಡೀ ಜಾತಿಯೇ ನಮ್ಮ ಒಂದೆರಡು ಜಿಲ್ಲೆಗಳಷ್ಟು ಜಾಗಕ್ಕೆ ಅಂಟಿಕೊಂಡಿತ್ತು.

ಎಳೆಯ ಪೈನಿಗೇ ಯಾಕೆ ಹಟ

ಅಂಟಿಕೊಳ್ಳಲು ಕಾರಣ ಒಂದು ಮರ, ಅದೂ ಅದರ ಬಾಲ್ಯ. ಜ್ಯಾಕ್ ಪೈನ್ ಮರಳು ನೆಲದಲ್ಲಿ ಬೆಳೆಯುವ, ನೋಡಲು ಅಂಥ ಚೆಂದವೇನೂ ಇಲ್ಲದ ಮರ. ಇದರ ಕಾಯಿಗಳು ರಾಳದಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಇರುತ್ತವೆ. ಕಾಡಿಗೆ ಬೆಂಕಿ ಬಿದ್ದು ಶಾಖ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಮುಟ್ಟಿದಾಗ ರಾಳ ಕರಗಿ ಕಾಯಿ ಬಿರಿಯುತ್ತದೆ, ಬೀಜ ಬೂದಿಯ ಮೇಲೆ ಉದುರುತ್ತದೆ. ತಾಯಿಮರ ಸುಟ್ಟುಹೋದ ಜಾಗದಲ್ಲಿ ಒಂದೇ ವಯಸ್ಸಿನ ಸಾವಿರಾರು ಸಸಿಗಳು ಒತ್ತೊತ್ತಾಗಿ ಏಳುತ್ತವೆ.

ಉಲಿಯಕ್ಕಿ ಗೂಡು ಕಟ್ಟುವುದು ಮರದ ಮೇಲಲ್ಲ, ನೆಲದಲ್ಲಿ. ಮರಳಿನಲ್ಲಿ ಸಣ್ಣ ಗುಳಿ, ಅದರೊಳಗೆ ಹುಲ್ಲು, ಪೈನಿನ ಸೂಜಿಯೆಲೆ, ಒಳಗೋಡೆಗೆ ಪಾಚಿ ಮತ್ತು ಪ್ರಾಣಿಗಳ ಕೂದಲು. ಮೇಲೆ ಮುಚ್ಚಿಗೆಗೆ ಪೈನಿನ ಕೆಳಗಿನ ಕೊಂಬೆಗಳೇ ಬೇಕು. ಸಸಿಗೆ ಐದಾರು ವರ್ಷವಾದಾಗ ಕೊಂಬೆಗಳು ನೆಲ ಮುಟ್ಟುವಂತೆ ಹರಡುತ್ತವೆ. ಇಪ್ಪತ್ತು ವರ್ಷ ದಾಟುವ ಹೊತ್ತಿಗೆ ಮರ ಎತ್ತರವಾಗಿ, ಬಿಸಿಲು ಸಿಗದೆ ಕೆಳಗಿನ ಕೊಂಬೆಗಳು ಒಣಗಿಹೋಗುತ್ತವೆ. ಆಗ ಹಕ್ಕಿ ಜಾಗ ಖಾಲಿ ಮಾಡುತ್ತದೆ. ಅಂದರೆ ಯಾವ ಕಾಡೂ ಇದಕ್ಕೆ ಕಾಯಂ ವಿಳಾಸವಲ್ಲ. ಹದಿನೈದು ವರ್ಷಕ್ಕೊಮ್ಮೆ ಎಲ್ಲೋ ಒಂದು ಕಡೆ ಹೊಸದಾಗಿ ಬೆಂಕಿ ಬಿದ್ದಿರಲೇಬೇಕು.

ಬೆಳಕು ಹರಿಯುವ ಮುನ್ನ

ಈ ಕಟ್ಟುನಿಟ್ಟಿನ ಬದುಕಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೊಸ ಅತಿಥಿ ಬಂತು: ಕಂದುತಲೆಯ ಕೌಬರ್ಡ್. ಮೂಲತಃ ಅದು ಅಮೆರಿಕದ ನಡುನಾಡಿನ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡುಗಳ ಜೊತೆ ಅಲೆಯುತ್ತ, ಅವುಗಳ ಗೊರಸಿನಡಿಯಿಂದ ಏಳುವ ಹುಳುಹುಪ್ಪಟೆ ತಿನ್ನುತ್ತಿದ್ದ ಹಕ್ಕಿ. ಪೂರ್ವದ ದಟ್ಟ ಕಾಡು ಅದಕ್ಕೆ ಗೋಡೆಯಾಗಿತ್ತು. ವಲಸಿಗರು ಕಾಡು ಕಡಿದು ಹೊಲ ಮಾಡಿದರು, ದನ ತಂದರು, ಗೋಡೆ ಬಿದ್ದಿತು.

ಪರಾವಲಂಬಿ ಎಂದರೆ ನಮಗೆ ಹೇನು, ಜಂತುಹುಳು, ಮಲೇರಿಯಾದ ರೋಗಾಣು ನೆನಪಾಗುತ್ತವೆ. ಅವು ಮೈಯೊಳಗೋ ಮೈಮೇಲೋ ಕೂತು ರಕ್ತವನ್ನೋ ಅನ್ನವನ್ನೋ ಕದಿಯುತ್ತವೆ. ಕೌಬರ್ಡ್ ಮೈಯನ್ನು ಮುಟ್ಟುವುದಿಲ್ಲ, ದುಡಿಮೆಯನ್ನು ಕದಿಯುತ್ತದೆ. ಇದನ್ನು ಗೂಡುಗಳ್ಳ ಎನ್ನೋಣ. ಕೋಗಿಲೆಯೂ ಗೂಡುಗಳ್ಳನೇ.

ಕಳ್ಳತನದ ಕ್ರಮ ಹೀಗೆ. ಹೆಣ್ಣು ಕೌಬರ್ಡ್ ಎತ್ತರದ ಕೊಂಬೆಯಲ್ಲಿ ಸದ್ದಿಲ್ಲದೆ ಕೂತು ಯಾರು ಹುಲ್ಲು ಕಚ್ಚಿಕೊಂಡು ಎಲ್ಲಿಗೆ ಹೋಗುತ್ತಾರೆ ಎಂದು ದಿನಗಟ್ಟಲೆ ನೋಡುತ್ತದೆ. ಗೂಡಿನ ಜಾಗ ಗೊತ್ತಾಗಿ, ಮನೆಯೊಡತಿ ಮೊಟ್ಟೆಯಿಡಲು ಶುರುಮಾಡಿದ ಮೇಲೆ, ಒಂದು ದಿನ ಸೂರ್ಯ ಹುಟ್ಟುವ ಮೊದಲೇ ಗೂಡಿಗೆ ಇಳಿಯುತ್ತದೆ. ಒಂದು ನಿಮಿಷ ಕೂಡ ಹಿಡಿಯುವುದಿಲ್ಲ, ಮೊಟ್ಟೆಯಿಟ್ಟು ಹಾರಿಹೋಗಿರುತ್ತದೆ. ಬಹಳ ಸಲ ಗೂಡಿನಲ್ಲಿರುವ ಒಂದು ಮೊಟ್ಟೆಯನ್ನು ಎತ್ತಿ ಆಚೆ ಹಾಕುವುದೂ ಉಂಟು. ಇದೇ ಆಟವನ್ನು ಒಂದು ಹೆಣ್ಣು ಒಂದೇ ಋತುವಿನಲ್ಲಿ ನಲವತ್ತು ಸಲದವರೆಗೂ ಆಡಬಲ್ಲದು.

ಉಲಿಯಕ್ಕಿಯ ಮೊಟ್ಟೆ ಒಡೆಯಲು ಸುಮಾರು ಹದಿನಾಲ್ಕು ದಿನ ಕಾವು ಬೇಕು. ಕೌಬರ್ಡಿನ ಮೊಟ್ಟೆಗೆ ಹನ್ನೊಂದು ಹನ್ನೆರಡು ದಿನ ಸಾಕು. ವ್ಯತ್ಯಾಸ ಎರಡೇ ದಿನ. ಆದರೆ ಗೂಡಿನಲ್ಲಿ ಎರಡು ದಿನ ಎಂದರೆ ಬಹಳ. ತಾಯಿಹಕ್ಕಿ ಮರಿಗಳಿಗೆ ಸರದಿಯ ಪ್ರಕಾರ ಉಣಿಸುವುದಿಲ್ಲ. ಯಾವ ಬಾಯಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಅಗಲವಾಗಿ ತೆರೆದಿರುತ್ತದೋ ಅದಕ್ಕೆ ತುತ್ತು. ಉಲಿಯಕ್ಕಿ ಮರಿಗಳು ಕಣ್ಣುಮುಚ್ಚಿ ತೆವಳುತ್ತಿರುವಾಗಲೇ ಎರಡು ದಿನ ಉಂಡು ಬಲಿತ, ಹುಟ್ಟಿನಿಂದಲೇ ದೊಡ್ಡ ಮೈಯ ಒಂದು ಬಾಯಿ ಅವುಗಳ ತಲೆಯ ಮೇಲಿರುತ್ತದೆ. ಗೂಡಿನಲ್ಲಿ ಒಂದು ಕೌಬರ್ಡ್ ಮರಿಯಿದ್ದರೆ ಉಲಿಯಕ್ಕಿಯ ಒಂದೋ ಎರಡೋ, ಹೆಚ್ಚೆಂದರೆ ಮೂರು ಮರಿಗಳು ಬದುಕಿಯಾವು. ಎರಡಿದ್ದರೆ ಒಂದೂ ಉಳಿಯುವುದಿಲ್ಲ.

ಇದನ್ನು ಆರಂಭದಲ್ಲೇ ಗಮನಿಸಿದವರಲ್ಲಿ ಒಬ್ಬನ ಹೆಸರು ಪಕ್ಷಿಶಾಸ್ತ್ರದ ಆಚೆಯೂ ಕುಖ್ಯಾತ. ಷಿಕಾಗೋದ ಸಿರಿವಂತ ಮನೆಯ ಹುಡುಗ ನೇಥನ್ ಲಿಯೋಪೋಲ್ಡ್ 1923ರಲ್ಲಿ ಈ ಕಾಡಿಗೆ ಬಂದು ಗೂಡುಗಳನ್ನು ಅಧ್ಯಯನ ಮಾಡಿ ಕೌಬರ್ಡಿನ ಹಾವಳಿಯ ಬಗ್ಗೆ ಬರೆದ. 1924ರ ಜನವರಿಯಲ್ಲಿ ಅದು ಪ್ರತಿಷ್ಠಿತ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಅವನೂ ಅವನ ಗೆಳೆಯನೂ ಹದಿನಾಲ್ಕರ ಬಾಲಕನೊಬ್ಬನನ್ನು ಕೊಂದು ಜೈಲು ಸೇರಿದರು. ಹಕ್ಕಿಯ ಮಟ್ಟಿಗೆ ಅವನು ಬರೆದದ್ದು ಸರಿಯಾಗಿಯೇ ಇತ್ತು.

ಕಾಗೆ ಉಳಿದದ್ದು ಹೇಗೆ

ಕೋಗಿಲೆಯ ಮೊಟ್ಟೆಯೂ ಕಾಗೆಯದಕ್ಕಿಂತ ಎರಡು ಮೂರು ದಿನ ಮೊದಲೇ ಒಡೆಯುತ್ತದೆ. ಇಲ್ಲೂ ಅದೇ ಮುಂಗಡ. ಕೋಗಿಲೆಯ ಮರಿ ಸಾಮಾನ್ಯವಾಗಿ ಕಾಗೆಮರಿಗಳನ್ನು ಹೊರಕ್ಕೆ ನೂಕುವುದಿಲ್ಲ, ಕೌಬರ್ಡ್ ಮರಿಯ ಚಾಳಿಯೂ ಅದೇ. ಹಾಗಿದ್ದೂ ಫಲಿತಾಂಶ ಬೇರೆ.

ಒಂದು ಕಾರಣ ತಕ್ಕಡಿಯಲ್ಲೇ ಕಾಣುತ್ತದೆ. ಬೆಳೆದ ಕಾಗೆ ಕೋಗಿಲೆಗಿಂತ ತೂಕದ ಹಕ್ಕಿ. ತಡವಾಗಿ ಹುಟ್ಟಿದರೂ ಕಾಗೆಮರಿ ಬೇಗ ಮೈತುಂಬಿಕೊಂಡು ಬಾಯಿ ಮೇಲೆತ್ತಬಲ್ಲದು. ಕೆಲವು ಮರಿ ಸಾಯುತ್ತವೆ, ಕೆಲವು ಕೋಗಿಲೆಯ ಜೊತೆಗೇ ಬೆಳೆದು ಹಾರುತ್ತವೆ. ಕೌಬರ್ಡಾದರೋ ಉಲಿಯಕ್ಕಿಯ ಮೂರು ಪಟ್ಟು ತೂಕದ್ದು. ಅದರ ಮರಿಯ ಜೊತೆ ಪೈಪೋಟಿಗೆ ನಿಲ್ಲುವ ಮಾತೇ ಇಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣದು, ಆದರೆ ನಿಜವಾದ ಗುಟ್ಟು ಅದರಲ್ಲೇ ಇದೆ. ನಮ್ಮ ಕಡೆ ಕೋಗಿಲೆ ಮುಖ್ಯವಾಗಿ ಕಾಗೆಯನ್ನೇ ನೆಚ್ಚಿಕೊಂಡಿದೆ. ಕಾಗೆ ಕಡಿಮೆಯಾದರೆ ಕೋಗಿಲೆಮರಿಗೆ ಉಣಿಸುವವರೂ ಕಡಿಮೆ. ಕೋಗಿಲೆಯೂ ಇಳಿಯುತ್ತದೆ, ಕಾಗೆಗೆ ಉಸಿರಾಡಲು ಬಿಡುವು ಸಿಗುತ್ತದೆ. ಕಳ್ಳನ ಹೊಟ್ಟೆಪಾಡು ಮನೆಯವನ ಏಳಿಗೆಗೆ ಕಟ್ಟುಬಿದ್ದಿದೆ. ಕೌಬರ್ಡಿಗೆ ಇಂಥ ಕಟ್ಟೇ ಇಲ್ಲ. ಅದು ಮೊಟ್ಟೆಯಿಟ್ಟದ್ದು 220ಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಗೂಡಿನಲ್ಲಿ ದಾಖಲಾಗಿದೆ. ಉಲಿಯಕ್ಕಿ ಸಾವಿರದಿಂದ ನೂರಕ್ಕೆ ಇಳಿಯಲಿ, ನೂರರಿಂದ ಹತ್ತಕ್ಕೆ ಇಳಿಯಲಿ, ಪಕ್ಕದ ಹೊಲದಂಚಿನ ಗುಬ್ಬಿಜಾತಿಗಳೂ ಬೇರೆ ಉಲಿಯಕ್ಕಿಗಳೂ ಕೌಬರ್ಡಿನ ಸಂತತಿಯನ್ನು ಸಾಕುತ್ತಲೇ ಇರುತ್ತವೆ. ಕೊನೆಯ ಹತ್ತು ಗೂಡುಗಳ ಮೇಲೂ ಮೊದಲಿನಷ್ಟೇ ಕಳ್ಳರು ಕಣ್ಣಿಟ್ಟಿರುತ್ತಾರೆ. ಎಲ್ಲ ಕಡೆ ಉಣ್ಣುವ ಪರಾವಲಂಬಿ ಒಂದು ಜಾತಿಯನ್ನು ಪೂರ್ತಿ ಮುಗಿಸಬಹುದು, ಅದರಿಂದ ತನಗೆ ನಷ್ಟವೂ ಇಲ್ಲ. ಪ್ರಕೃತಿ ತಾನಾಗಿಯೇ ಸಮತೋಲ ಕಂಡುಕೊಳ್ಳುತ್ತದೆ ಎಂದು ಕೈಕಟ್ಟಿ ಕೂರುವವರು ಮಿಷಿಗನ್ನಿನ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಉಲಿಯಕ್ಕಿಗೆ ಕಳ್ಳಮೊಟ್ಟೆಯನ್ನು ಗುರುತಿಸಿ ಹೊರಹಾಕುವ ವಿದ್ಯೆಯೂ ಬರುವುದಿಲ್ಲ. ಪೂರ್ವಜರಿಗೆ ಇಂಥ ಕಳ್ಳರ ಕಾಟವಿರಲಿಲ್ಲ, ಕಲಿಯಲು ನೂರು ವರ್ಷ ಏನೇನೂ ಸಾಲದು. ಗೂಡನ್ನೇ ತೊರೆದು ಮತ್ತೊಂದು ಕಟ್ಟೋಣವೆಂದರೆ ಉತ್ತರದ ಬೇಸಿಗೆ ಗಿಡ್ಡ. ಮೇ ಮಧ್ಯದಲ್ಲಿ ಬಂದ ಹಕ್ಕಿಗೆ ಹೆಚ್ಚಾಗಿ ಒಂದೇ ಸಂಸಾರಕ್ಕೆ ಸಮಯ.

ತಂತಿಬಲೆಯ ಬೋನು

1951ರ ಮೊದಲ ಗಣತಿಯಲ್ಲಿ 432 ಹಾಡುವ ಗಂಡುಗಳು ಸಿಕ್ಕಿದ್ದವು, 1961ರಲ್ಲಿ 502. ಹತ್ತು ವರ್ಷ ಬಿಟ್ಟು 1971ರಲ್ಲಿ ಎಣಿಸಿದಾಗ 201. ಅರ್ಧಕ್ಕೂ ಹೆಚ್ಚು ಮಾಯ. 1966ರಿಂದ 1971ರವರೆಗೆ ಪರೀಕ್ಷಿಸಿದ ಗೂಡುಗಳಲ್ಲಿ ನೂರಕ್ಕೆ 69ರಷ್ಟರಲ್ಲಿ ಕೌಬರ್ಡಿನ ಮೊಟ್ಟೆಯಿತ್ತು. ಒಂದು ಜೋಡಿ ಒಂದು ಬೇಸಿಗೆಯಲ್ಲಿ ಸರಾಸರಿ ಒಂದು ಮರಿಯನ್ನೂ ದಡ ಮುಟ್ಟಿಸುತ್ತಿರಲಿಲ್ಲ.

1972ರಲ್ಲಿ ಬೋನುಗಳು ಬಂದವು. ಕೋಣೆಯಷ್ಟು ದೊಡ್ಡ ತಂತಿಬಲೆಯ ಪಂಜರ, ಒಳಗೆ ನೀರು, ಕಾಳು, ಜೊತೆಗೆ ಕರೆಯಲು ಕೆಲವು ಜೀವಂತ ಕೌಬರ್ಡುಗಳು. ಗುಂಪಿನಲ್ಲಿ ತಿನ್ನುವ ಹಕ್ಕಿಯಾದ್ದರಿಂದ ತನ್ನವರನ್ನು ಕಂಡು ಮೇಲಿನ ಕಿಂಡಿಯಿಂದ ರೆಕ್ಕೆ ಮಡಿಸಿ ಕೆಳಗಿಳಿಯುತ್ತದೆ. ರೆಕ್ಕೆ ಬಿಚ್ಚಿ ಮೇಲೇರಲು ಆ ಕಿಂಡಿ ಸಾಲದು. ಹೀಗೆ ಹಿಡಿದು ಕೊಂದ ಕೌಬರ್ಡುಗಳು ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರದ ಆಸುಪಾಸು. ಒಂದು ಹಕ್ಕಿಗಾಗಿ ಇನ್ನೊಂದು ಹಕ್ಕಿಯನ್ನು, ಅದೂ ಆ ಖಂಡದ್ದೇ ಹಕ್ಕಿಯನ್ನು, ಸಾವಿರಗಟ್ಟಲೆ ಕೊಲ್ಲುವುದು ಹಿತವಾದ ಕೆಲಸವಲ್ಲ. ಕೌಬರ್ಡಿಗೆ ದಾರಿ ಮಾಡಿಕೊಟ್ಟವರು ಕೊಡಲಿ ಹಿಡಿದ ಮನುಷ್ಯರು. ದಂಡ ತೆತ್ತದ್ದು ಕೌಬರ್ಡು.

ಫಲ ಮಾತ್ರ ತಕ್ಷಣ ಕಂಡಿತು. ಕಳ್ಳಮೊಟ್ಟೆಯಿರುವ ಗೂಡುಗಳ ಪಾಲು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯಿತು. ಜೋಡಿಯೊಂದು ಸುಮಾರು ಮೂರು ಮರಿಗಳನ್ನು ಹಾರಿಸತೊಡಗಿತು. ಇನ್ನೇನು ಹಕ್ಕಿ ಹೆಚ್ಚಿತು ಎಂದೇ ಎಲ್ಲರೂ ಕಾದರು.

1974ರಲ್ಲಿ 167 ಗಂಡುಗಳು. 1987ರಲ್ಲೂ 167. ನಡುವಿನ ವರ್ಷಗಳಲ್ಲಿ ಸಂಖ್ಯೆ ಇನ್ನೂರರ ಆಚೆ ಈಚೆ ತೂಗುತ್ತಿತ್ತೇ ಹೊರತು ಮೇಲೇರಲಿಲ್ಲ. ತೂತು ಬಿದ್ದ ಕೊಡಕ್ಕೆ ಅರಗು ಮೆತ್ತಿದಂತಾಗಿತ್ತು. ಸೋರುವುದು ನಿಂತಿತು, ಆದರೆ ಕೊಡವೇ ಚಿಕ್ಕದಾಗಿದ್ದರಿಂದ ಹೆಚ್ಚು ನೀರು ಹಿಡಿಯಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಿಂದ ಅಮೆರಿಕದವರು ಕಾಡ್ಗಿಚ್ಚನ್ನು ಶತ್ರುವೆಂದು ಬಗೆದು ಎಲ್ಲಿ ಹೊಗೆ ಕಂಡರೂ ನಂದಿಸಿದ್ದರು. ಪೈನುಗಳು ಮುದಿಯಾಗಿದ್ದವು. ಹುಟ್ಟಿದ ಮರಿಗಳಿಗೆ ಗೂಡು ಹೂಡಲು ಎಳೆಯ ಕಾಡೇ ಇರಲಿಲ್ಲ.

ಕೈಮೀರಿದ ಬೆಂಕಿ

1980ರ ಮೇ 5ರಂದು ಮಿಷಿಗನ್ನಿನ ಮ್ಯಾಕ್ ಲೇಕ್ ಬಳಿ ಅರಣ್ಯ ಸಿಬ್ಬಂದಿ ಉಲಿಯಕ್ಕಿಗಾಗಿಯೇ ಹತೋಟಿ ಬೆಂಕಿ ಹಚ್ಚಿದರು. ಮರ ಕಡಿದ ಜಾಗದ ಸೊಪ್ಪುಸೌದೆ ಸುಟ್ಟು ಹೊಸ ಪೈನಿಗೆ ನೆಲ ಹದ ಮಾಡುವುದು ಉದ್ದೇಶ. ಗಾಳಿ ಎದ್ದಿತು, ಬೆಂಕಿ ರಸ್ತೆ ದಾಟಿತು. ಕೆಲವೇ ಗಂಟೆಗಳಲ್ಲಿ ಇಪ್ಪತ್ತು ಸಾವಿರ ಎಕರೆ ಉರಿದು, ಒಟ್ಟು ಸುಮಾರು 24,000 ಎಕರೆ ಸುಟ್ಟುಹೋಯಿತು. ನಲವತ್ತಕ್ಕೂ ಹೆಚ್ಚು ಮನೆ ಕಟ್ಟಡಗಳು ಬೂದಿಯಾದವು. ಬೆಂಕಿ ನಂದಿಸಲು ಹೋದ ಒಬ್ಬ ಅರಣ್ಯ ನೌಕರ ಸತ್ತ. ಊರಿನವರಲ್ಲಿ ಹಕ್ಕಿಯ ಮೇಲೂ ಅದರ ರಕ್ಷಕರ ಮೇಲೂ ಸಿಟ್ಟು ಹುಟ್ಟಿದ್ದರೆ ಅದು ಸಹಜವೇ.

ಸುಟ್ಟ ನೆಲದಲ್ಲಿ ಪೈನಿನ ಕಾಯಿಗಳು ಬಿರಿದಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ ಆ ಸಸಿಗಳು ಹಕ್ಕಿಗೆ ಬೇಕಾದ ಎತ್ತರಕ್ಕೆ ಬಂದವು, ಗಂಡುಗಳು ಅಲ್ಲಿ ಹಾಡತೊಡಗಿದವು. ಆಮೇಲೆ ಗಣತಿಯ ಗೆರೆ ಏರತೊಡಗಿತು. 2001ರ ಹೊತ್ತಿಗೆ ಸಾವಿರ ದಾಟಿತು. ಬೋನುಗಳ ದುಡಿಮೆ ಅಲ್ಲಿಯವರೆಗೆ ಹಕ್ಕಿಯನ್ನು ಹಿಡಿದಿಟ್ಟಿದ್ದರಿಂದಲೇ ಆ ಕಾಡನ್ನು ತುಂಬಲು ಹಕ್ಕಿಗಳಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಈಗ ಕಾಡ್ಗಿಚ್ಚಿನ ಕೆಲಸವನ್ನು ಗರಗಸ ಮತ್ತು ಗುದ್ದಲಿ ಮಾಡುತ್ತಿವೆ. ಮುದಿ ಪೈನನ್ನು ಕಡಿದು ಮಾರಿ, ಅದೇ ನೆಲದಲ್ಲಿ ನಡುನಡುವೆ ಬಯಲು ಬಿಟ್ಟು ಸಸಿ ನೆಡುತ್ತಾರೆ, ಪ್ರತಿವರ್ಷ ಸಾವಿರಾರು ಎಕರೆ.

ಲಂಟಾನದ ಹಣ್ಣು, ಮಾರ್ಚ್ ತಿಂಗಳ ಮಳೆ

ಇಷ್ಟೆಲ್ಲ ಹೇಳಿದ ಮೇಲೂ ಹಕ್ಕಿಯ ಅರ್ಧ ಬದುಕೇ ಬಾಕಿಯಿದೆ. ವರ್ಷದ ಹೆಚ್ಚಿನ ಭಾಗ ಅದು ಮಿಷಿಗನ್ನಿನಲ್ಲಿ ಇರುವುದೇ ಇಲ್ಲ. ಶರತ್ಕಾಲ ಬಂತೆಂದರೆ ರಾತ್ರಿಗಳಲ್ಲಿ ಹಾರುತ್ತ ಸುಮಾರು ಎರಡು ಸಾವಿರ ಕಿಲೋಮೀಟರು ದೂರದ ಬಹಾಮಾಸ್ ಸೇರುತ್ತದೆ. ದಾರಿ ತಿಳಿದದ್ದು ತೀರ ಈಚೆಗೆ. ಅರ್ಧ ಗ್ರಾಂ ತೂಕದ ಒಂದು ಉಪಕರಣವನ್ನು ಹಕ್ಕಿಯ ಬೆನ್ನಿಗೆ ಕಟ್ಟಿ ಬಿಡುತ್ತಾರೆ. ಅದು ಬೆಳಕು ಮೂಡಿದ, ಆರಿದ ಹೊತ್ತನ್ನು ಮಾತ್ರ ಬರೆದಿಡುತ್ತದೆ. ಮರುವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿದರೆ, ಹಗಲಿನ ಉದ್ದ ಮತ್ತು ನಡುಹಗಲಿನ ಹೊತ್ತಿನಿಂದ ಯಾವ ದಿನ ಎಲ್ಲಿತ್ತೆಂದು ಲೆಕ್ಕ ಹಾಕಬಹುದು. ಹೋಗುವಾಗ ಪೂರ್ವ ಕರಾವಳಿಯ ಕಡೆ ವಾಲುತ್ತದೆ, ಬರುವಾಗ ಅದಕ್ಕಿಂತ ಪಶ್ಚಿಮದ ದಾರಿ ಹಿಡಿಯುತ್ತದೆ ಎಂದು ಗೊತ್ತಾದದ್ದು ಹೀಗೆ. ಸಾವಿನ ಲೆಕ್ಕವೂ ಸಿಕ್ಕಿದೆ. ವರ್ಷದ ಸಾವುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಆಗುವುದು ಈ ಹೋಗಿಬರುವ ಹಾದಿಯಲ್ಲೇ.

ಬಹಾಮಾಸ್‌ನ ಎಲ್ಯೂಥೆರಾ ದ್ವೀಪದಲ್ಲಿ ಹಕ್ಕಿಯ ಊಟದ ಮುಖ್ಯ ಪದಾರ್ಥ ಒಂದು ಲಂಟಾನ ಜಾತಿಯ ಹಣ್ಣು. ಬಂಡೀಪುರದ ಕಾಡನ್ನು ನುಂಗುತ್ತಿರುವ ಲಂಟಾನದ ದಾಯಾದಿ ಅದು, ಆದರೆ ಅಲ್ಲಿಯದೇ ಗಿಡ, ಹೊರಗಿನಿಂದ ಬಂದು ವಕ್ಕರಿಸಿದ್ದಲ್ಲ. ಅಲ್ಲೂ ಹಕ್ಕಿ ಹುಡುಕುವುದು ಹಳೆಯ ಕಾಡನ್ನಲ್ಲ; ಒಮ್ಮೆ ಸವರಿ ಬಿಟ್ಟ, ಪೊದೆಗಳು ಮತ್ತೆ ಚಿಗುರಿದ ಜಾಗವನ್ನು. ಆಡು ಮೇಯ್ದ ಕಡೆ ಇಂಥ ಪೊದೆಗಾಡು ಹೆಚ್ಚು ದಿನ ಉಳಿಯುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಅದನ್ನು ಕಾಡಿನ ಶತ್ರುವೆಂದು ಬೈಯುವ ನಮಗೆ ಇದು ವಿಚಿತ್ರವೆನಿಸಬಹುದು.

ಚಳಿಗಾಲ ಅಲ್ಲಿ ಒಣ ಕಾಲ. ಮಾರ್ಚ್ ಹೊತ್ತಿಗೆ ಹಣ್ಣೂ ಹುಳುವೂ ತಳ ಕಾಣುತ್ತವೆ. ಆಗ ನಾಲ್ಕು ಮಳೆ ಬಿದ್ದರೆ ಹಕ್ಕಿ ಕೊಬ್ಬು ತುಂಬಿಕೊಂಡು ಹೊರಡುತ್ತದೆ. ಬೀಳದಿದ್ದರೆ ಸೊರಗಿದ ಗಂಡುಗಳು ಮಿಷಿಗನ್ ತಲುಪುವುದು ತಡ, ಕೆಲವು ತಲುಪುವುದೇ ಇಲ್ಲ. ತಡವಾಗಿ ಬಂದವಕ್ಕೆ ಮರಿಗಳೂ ಕಡಿಮೆ. ದ್ವೀಪದ ಒಂದು ತಿಂಗಳ ಬರ ಎರಡು ಸಾವಿರ ಕಿಲೋಮೀಟರು ಆಚೆಯ ಗೂಡಿನಲ್ಲಿ ಎಣಿಕೆಗೆ ಸಿಗುತ್ತದೆ.

2015ರಿಂದ ಬೋನುಗಳನ್ನು ಹಂತಹಂತವಾಗಿ ಮುಚ್ಚಿ ನೋಡಿದರು. ಹಳೆಯ ಹಾವಳಿ ಮರುಕಳಿಸಲಿಲ್ಲ. ಕಳ್ಳಮೊಟ್ಟೆಯಿದ್ದ ಗೂಡುಗಳು ನೂರಕ್ಕೆ ಒಂದೂ ಇರಲಿಲ್ಲ. ಆ ಪ್ರದೇಶದಲ್ಲಿ ಕೌಬರ್ಡುಗಳೇ ಕಡಿಮೆಯಾಗಿದ್ದವು, ಅದಕ್ಕೂ ಉಲಿಯಕ್ಕಿಗೂ ಸಂಬಂಧವಿಲ್ಲ. ನೂರಾರು ಜಾತಿಗಳ ಗೂಡಿನಲ್ಲಿ ಹುಟ್ಟುವ ಹಕ್ಕಿಯ ಏರಿಳಿತ ಹೊಲ, ದನ, ಹುಲ್ಲಿನ ಲೆಕ್ಕದಲ್ಲಿ ನಡೆಯುತ್ತದೆ. 2019ರಲ್ಲಿ ಉಲಿಯಕ್ಕಿಯ ಹೆಸರನ್ನು ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ತೆಗೆದರು. 2021ರ ಗಣತಿಯಲ್ಲಿ 2,245 ಜೋಡಿಗಳಿದ್ದವು. ಗೂಡುಗಳ ಮೇಲಿನ ನಿಗಾ ನಿಂತಿಲ್ಲ. ಕೌಬರ್ಡು ಮತ್ತೆ ಹೆಚ್ಚಿದರೆ ಬೋನು ಇಡಬೇಕಾಗುತ್ತದೆ. ಪೈನಿನ ವಿಷಯದಲ್ಲಿ ಅಂಥ ಬಿಡುವೂ ಇಲ್ಲ. ಈ ವರ್ಷ ಸಸಿ ನೆಡುವುದನ್ನು ತಪ್ಪಿಸಿದರೆ ಅದರ ಕೊರತೆ ಗಣತಿಯಲ್ಲಿ ಕಾಣುವುದು ಐದಾರು ವರ್ಷದ ನಂತರ, ಆಗ ಎಷ್ಟು ಬೋನು ಇಟ್ಟರೂ ಉಪಯೋಗವಿಲ್ಲ.